ಆನೆ ನೋಡದವನು ಬಿಡಿಸಿದ ಆನೆ ಮತ್ತು ನಮ್ಮ ಬಸ್ಸಿನ ಬೋರ್ಡು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ಕಾಸರಗೋಡಿನ ಬಸ್ಸುಗಳಿಗೆ ಕನ್ನಡ ಬೋರ್ಡು ಬೇಕು ಅನ್ನುವುದೆಲ್ಲ ಸುಮ್ನೆ ಗಲಾಟೆ, ಎರಡೆರಡು ಭಾಷೆಯಲ್ಲಿ ಬರೆದರೆ ಜನರಿಗೆ ಗೊಂದಲ, ಬೋರ್ಡಿನಲ್ಲಿ ಅಷ್ಟು ಜಾಗವೂ ಇಲ್ಲ, ಹೇಗೂ ಇಲ್ಲಿಯ ಕನ್ನಡಿಗರಿಗೆಲ್ಲ ಮಲಯಾಳ ಬರುತ್ತದಲ್ಲ ಅಂತ. ಓದಿ ಪೇಪರ್ ಮಡಚಿಟ್ಟೆ. ಮತ್ತೆ ಬಿಚ್ಚಿ ಇನ್ನೊಮ್ಮೆ ಓದಿದೆ. ಮಾರನೇ ದಿನವೂ ತಲೆಯಿಂದ ಹೋಗಲಿಲ್ಲ. ಅದಕ್ಕೆ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಕತ್ತರಿಸಬೇಕಾದರೆ ಕತ್ತರಿಸಿ, ಆದರೆ ಆನೆಯ ಭಾಗವನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಅದನ್ನು ಓದುವಾಗ ನಾನು ಇಟಲಿಯಿಂದ ಬಂದು ನಾಲ್ಕು ದಿನ ಆಗಿತ್ತಷ್ಟೇ. ಇಟಲಿ ಅಂದ ಕೂಡಲೇ ಪೀಸಾದ ವಾಲಿದ ಗೋಪುರ, ವೆನಿಸ್ಸಿನ ದೋಣಿ ಅಂದುಕೊಳ್ಳಬೇಡಿ. ಅದನ್ನೂ ನೋಡಿದೆವು, ಫೋಟೋಗಳು ಫೋನಿನಲ್ಲಿವೆ, ಮನೆಗೆ ಬಂದವರಿಗೆಲ್ಲ ತೋರಿಸಿ ಆಗಿದೆ. ನಾನು ಹೇಳಹೊರಟದ್ದು ಒಂದೇ ದಿನದ ಕತೆ. ಬಾಡಿಗೆ ಕಾರಿನಲ್ಲಿ ಬೆಳಿಗ್ಗೆ ಹೋಗಿ ರಾತ್ರಿಗೆ ವಾಪಸ್ಸು ಬಂದ ಒಂದು ಹಳೇ ಊರಿನ ಕತೆ. ಆ ಊರಿಗೆ ಎರಡು ಹೆಸರು. ಇಟಾಲಿಯನ್‌ನಲ್ಲಿ ಬ್ರೆಸ್ಸನೋನೆ, ಜರ್ಮನ್‌ನಲ್ಲಿ ಬ್ರಿಕ್ಸೆನ್.

ಮಗಳು ಎಂಟು ತಿಂಗಳಿಂದ ವೆರೋನಾದಲ್ಲಿ ಕೆಲಸದಲ್ಲಿದ್ದಾಳೆ. ಊರಿನಿಂದ ಹೊರಡುವಾಗಲೇ ಆರ್‌ಟಿಓದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡಿದ್ದಳು. ಅದು ಒಂದು ವರ್ಷಕ್ಕೆ ಸಿಗುತ್ತದೆ, ನಮ್ಮ ಲೈಸೆನ್ಸ್ ಜೊತೆಗೆ ಅದೂ ಇದ್ದರೆ ಅಲ್ಲಿ ಕಾರು ಬಾಡಿಗೆಗೆ ಕೊಡುತ್ತಾರೆ. ಬೆಳಿಗ್ಗೆ ಕಾರಿನ ಅಂಗಡಿಗೆ ಹೋದರೆ ಕ್ರೆಡಿಟ್ ಕಾರ್ಡಿನಲ್ಲಿ ದೊಡ್ಡ ಮೊತ್ತ ಹಿಡಿದಿಟ್ಟುಕೊಂಡರು, ನಾಲ್ಕು ಕಡೆ ಸಹಿ ಹಾಕಿಸಿಕೊಂಡರು, ಕೀ ಕೈಗಿಟ್ಟರು. ಮಗಳು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಪ್ರತಿಯೊಂದು ಗೀರನ್ನೂ ಫೋನಿನಲ್ಲಿ ವಿಡಿಯೋ ಮಾಡಿಕೊಂಡಳು. ಸಣ್ಣ ಫಿಯೆಟ್ ಪಾಂಡಾ. ಸ್ಟೇರಿಂಗ್ ಎಡಗಡೆ, ಗೇರು ಬಲಗೈಗೆ, ರಸ್ತೆಯ ಬಲಬದಿಯಲ್ಲಿ ಹೋಗಬೇಕು. ನಮ್ಮ ಯಜಮಾನರು ಮೂವತ್ತು ವರ್ಷ ಜೀಪು ಓಡಿಸಿದವರು, ಮಳೆಗಾಲದಲ್ಲಿ ನಮ್ಮ ತೋಟದ ಮಣ್ಣಿನ ಏರಿನಲ್ಲಿ ರಿವರ್ಸ್ ಹೋದವರು. ಅವರನ್ನು ಬಲಗಡೆ ಸೀಟಿನಲ್ಲಿ ಸ್ಟೇರಿಂಗ್ ಇಲ್ಲದೆ ಕೂರಿಸಿದ್ದೇ ತಪ್ಪಾಯಿತು. ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಬಲಗಾಲಿನಲ್ಲಿ ಒತ್ತುತ್ತಲೇ ಇದ್ದರು. "ಅಪ್ಪಾ, ಮ್ಯಾಟ್ ಹರಿದುಹೋಗುತ್ತದೆ, ಅದಕ್ಕೂ ದುಡ್ಡು ಹಿಡೀತಾರೆ" ಅಂದಳು ಮಗಳು.

ಹೈವೇಗೆ ಹತ್ತುವಾಗ ಗೇಟಿನಲ್ಲಿ ಒಂದು ಚೀಟಿ ಬರುತ್ತದೆ, ಇಳಿಯುವಾಗ ಅದನ್ನು ಕೊಟ್ಟು ದುಡ್ಡು ಕಟ್ಟಬೇಕು. ಹಗಲಿನಲ್ಲೂ ಹೆಡ್‌ಲೈಟ್ ಹಾಕಿರಬೇಕು. ವೇಗದ ಮಿತಿ ಸಾಮಾನ್ಯವಾಗಿ 130. ವೆರೋನಾದಿಂದ ಬ್ರಿಕ್ಸೆನ್‌ಗೆ ಸುಮಾರು 190 ಕಿಲೋಮೀಟರ್, ಎರಡು ತಾಸಿನ ದಾರಿ. ನಮ್ಮ ಹೈವೇಯಲ್ಲಿ ತಲಪಾಡಿಯಿಂದ ಹೊರಟು ಎರಡು ತಾಸಿಗೆ ನೀವು ಎಲ್ಲಿ ಇರುತ್ತೀರಿ ಅಂತ ನಾನು ಹೇಳುವುದಿಲ್ಲ.

ದಾರಿ ಹೋಗುವುದು ಅದಿಜೆ ಎಂಬ ನದಿಯ ಕಣಿವೆಯಲ್ಲಿ. ಎರಡೂ ಬದಿ ಕಲ್ಲಿನ ಗುಡ್ಡ, ನಡುವೆ ಸಪಾಟು ನೆಲ, ಅದರ ತುಂಬ ದ್ರಾಕ್ಷಿ, ಆಮೇಲೆ ಸೇಬು. ನಾವು ಹೋದದ್ದು ಸೆಪ್ಟೆಂಬರಿನಲ್ಲಿ, ಸೇಬು ಕೊಯ್ಲಿನ ಸಮಯ. ತಂತಿಗೆ ಕಟ್ಟಿದ ಗಿಡ್ಡ ಮರಗಳು, ಸಾಲು ಸಾಲು, ಆಲಿಕಲ್ಲು ಬೀಳದ ಹಾಗೆ ಮೇಲೆ ಬಲೆ. ಯಜಮಾನರ ಬ್ರೇಕ್ ಒತ್ತುವುದು ನಿಂತದ್ದು ಇಲ್ಲಿ ಮಾತ್ರ. ಇದಕ್ಕೆ ಏನು ಮದ್ದು ಬಿಡುತ್ತಾರೆ, ಎಷ್ಟು ಸಲ ಬಿಡುತ್ತಾರೆ, ಆಳು ಸಿಗುತ್ತಾರಾ, ಅಂತ ಶುರುವಾಯಿತು. ನಾವು ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಸುಣ್ಣ ಕಲಸಿ ಬಿಡುವ ಬೋರ್ಡೋ ಮದ್ದು ಹುಟ್ಟಿದ್ದೇ ಯುರೋಪಿನ ದ್ರಾಕ್ಷಿ ತೋಟದಲ್ಲಿ, ಫ್ರಾನ್ಸಿನ ಬೋರ್ಡೋ ಊರಿನಲ್ಲಿ ಅಂತ ಮಗಳು ಹೇಳಿದ್ದಕ್ಕೆ, "ಹಾಗಾದರೆ ಕೊಳೆರೋಗವೂ ಇವರದ್ದೇ ಇರಬೇಕು" ಅಂದರು.

ಈಗ ವಿಷಯಕ್ಕೆ ಬರುತ್ತೇನೆ. ತ್ರೆಂತೋ ಎಂಬ ಪಟ್ಟಣ ದಾಟುವ ತನಕ ರಸ್ತೆಯ ಬೋರ್ಡೆಲ್ಲ ಇಟಾಲಿಯನ್‌ನಲ್ಲಿ ಮಾತ್ರ. ಅದರಿಂದ ಮುಂದೆ ಸಲೋರ್ನೊ ಅಂತ ಒಂದು ಜಾಗ, ಅಲ್ಲಿ ಎರಡೂ ಕಡೆಯ ಗುಡ್ಡ ಹತ್ತಿರ ಬಂದು ಕಣಿವೆ ಕಿರಿದಾಗುತ್ತದೆ. ಹಿಂದಿನಿಂದಲೂ ಅದೇ ಭಾಷೆಯ ಗಡಿಯಂತೆ. ನಮಗೆ ಚಂದ್ರಗಿರಿ ಹೊಳೆ ಇದ್ದ ಹಾಗೆ. ಅದನ್ನು ದಾಟಿದ ಮೇಲೆ ನಾನು ಬೋರ್ಡುಗಳನ್ನು ಓದಲು ಶುರು ಮಾಡಿದೆ, ಯಾಕೆಂದರೆ ಪ್ರತಿಯೊಂದೂ ಎರಡು ಸಲ ಬರೆದಿತ್ತು. ಬೊಲ್ಜಾನೊ, ಕೆಳಗೆ ಬೋಟ್ಸೆನ್. ಕ್ಯೂಜಾ, ಕೆಳಗೆ ಕ್ಲೌಸೆನ್. ಬ್ರೆಸ್ಸನೋನೆ, ಕೆಳಗೆ ಬ್ರಿಕ್ಸೆನ್. ಹೊರಗೆ ಹೋಗುವ ದಾರಿ ಅನ್ನುವುದಕ್ಕೆ ಉಷೀತಾ ಅಂತ ಒಂದು, ಔಸ್‌ಫಾರ್ಟ್ ಅಂತ ಇನ್ನೊಂದು. ಅಕ್ಷರದ ಗಾತ್ರ ಒಂದೇ. ಒಂದು ದೊಡ್ಡದು, ಇನ್ನೊಂದು ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಅಂತ ಇಲ್ಲ. ಮೂವತ್ತೊಂದು ವರ್ಷ ಕನ್ನಡ ಮಾಧ್ಯಮದ ಶಾಲೆಯಲ್ಲಿ ಟೀಚರ್ ಆಗಿದ್ದವಳು ನಾನು. ಅಕ್ಷರದ ಗಾತ್ರ ಕಣ್ಣಿಗೆ ಬೇಗ ಬೀಳುತ್ತದೆ.

130ರ ವೇಗದಲ್ಲಿ ಹೋಗುವ ಹೈವೇಯಲ್ಲಿ ಎರಡು ಭಾಷೆಯ ಬೋರ್ಡು ಹಾಕಿದ್ದಾರೆ ಸ್ವಾಮಿ. ಮಗಳಿಗೆ ಗೊಂದಲ ಆಗಲಿಲ್ಲ. ಹಿಂದೆ ಬರುತ್ತಿದ್ದ ಲಾರಿಯವರಿಗೂ ಆದ ಹಾಗೆ ಕಾಣಲಿಲ್ಲ. ಬದಿಯಡ್ಕ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತೇ ಇರುವ ಬಸ್ಸಿನ ಬೋರ್ಡು ಓದಿದರೆ ಯಾರಿಗೆ ಏನು ಗೊಂದಲ?

ಬ್ರಿಕ್ಸೆನ್ ತಲುಪಿದಾಗ ಹತ್ತೂವರೆ. ಊರಿನ ಹೆಸರು 901ನೇ ಇಸವಿಯ ಒಂದು ದಾನಪತ್ರದಲ್ಲಿದೆ. ಅಂದರೆ ಸಾವಿರದ ನೂರು ವರ್ಷ ದಾಟಿದ ಊರು, ಆ ಸೀಮೆಯಲ್ಲೇ ಬಹಳ ಹಳೆಯದು. ನೂರಾರು ವರ್ಷ ಬಿಷಪ್ಪರೇ ಅಲ್ಲಿ ರಾಜರು. ಎರಡು ಹೊಳೆ ಸೇರುವ ಜಾಗ, ಸುತ್ತ ಬೆಟ್ಟ. ಯಜಮಾನರು ಅಭ್ಯಾಸ ಬಲದಿಂದ, "ಸೀದಾ ಒಳಗೆ ಬಿಡು, ಇಗರ್ಜಿಯ ಎದುರೇ ನಿಲ್ಲಿಸುವ" ಅಂದರು. ಮಧೂರು ದೇವಸ್ಥಾನಕ್ಕೆ ಹೋದ ಹಾಗೆ. ಅಲ್ಲಿ ಅದು ನಡೆಯುವುದಿಲ್ಲ. ಇಟಲಿಯ ಎಷ್ಟೋ ಹಳೇ ಊರುಗಳ ಒಳಗೆ ಹೊರಗಿನವರ ಕಾರಿಗೆ ಪ್ರವೇಶ ಇಲ್ಲ. ಬಿಳಿ ವೃತ್ತಕ್ಕೆ ಕೆಂಪು ಅಂಚಿನ ಬೋರ್ಡು, ಮೇಲೆ ಕ್ಯಾಮೆರಾ. ಗೊತ್ತಿಲ್ಲದೆ ದಾಟಿದರೆ ಯಾರೂ ಸೀಟಿ ಊದಿ ನಿಲ್ಲಿಸುವುದಿಲ್ಲ, ಬೈಯುವುದೂ ಇಲ್ಲ. ತಿಂಗಳುಗಟ್ಟಲೆ ಆದ ಮೇಲೆ ಮನೆಗೆ ದಂಡದ ಕಾಗದ ಬರುತ್ತದೆ. ಅದಕ್ಕೂ ಮೊದಲು, ನಿಮ್ಮ ಹೆಸರು ವಿಳಾಸವನ್ನು ಪೊಲೀಸರಿಗೆ ಕೊಟ್ಟ ತಪ್ಪಿಗೆ, ಅಲ್ಲ, ಕೊಟ್ಟ ಉಪಕಾರಕ್ಕೆ, ಕಾರಿನ ಅಂಗಡಿಯವರು ನಿಮ್ಮ ಕಾರ್ಡಿನಿಂದ ಪ್ರತ್ಯೇಕ ಶುಲ್ಕ ಎಳೆದುಕೊಂಡಿರುತ್ತಾರೆ. ಬಾಡಿಗೆ ಕಾರಿನಲ್ಲಿ ಹೋಗುವ ನಮ್ಮವರು ಇದೊಂದನ್ನು ನೆನಪಿಟ್ಟುಕೊಳ್ಳಿ. ಊರ ಹೊರಗೆ ನಿಲ್ಲಿಸಿ, ನಡೆಯಿರಿ. ನೀಲಿ ಗೆರೆಯ ಒಳಗೆ ದುಡ್ಡು ಕೊಟ್ಟು ನಿಲ್ಲಿಸುವುದು, ಬಿಳಿ ಗೆರೆ ಪುಕ್ಕಟೆ, ಹಳದಿ ಗೆರೆ ನಮಗಲ್ಲ.

ನಾವು ನಡೆದೆವು. ಹತ್ತು ನಿಮಿಷ ಕೂಡ ಇಲ್ಲ. ಬೀದಿಯ ಎರಡೂ ಬದಿ ಮನೆಗಳ ಕೆಳಗೆ ಕಮಾನಿನ ಜಗಲಿ, ಅದರೊಳಗೆ ಅಂಗಡಿಗಳು. ಮಳೆ ಬಂದರೂ ಕೊಡೆ ಬಿಡಿಸದೆ ಪೇಟೆ ಪೂರ್ತಿ ಸುತ್ತಬಹುದು. ನಮ್ಮ ಕಾಸರಗೋಡಿಗೆ ಇದು ಯಾಕೆ ಹೊಳೆಯಲಿಲ್ಲವೋ, ಮಳೆ ಜಾಸ್ತಿ ಬೀಳುವುದು ನಮಗಲ್ವಾ? ಬೀದಿಯ ಹೆಸರೂ ಎರಡು, ಮೈದಾನದ ಹೆಸರೂ ಎರಡು. ಡೋಮ್‌ಪ್ಲಾಟ್ಸ್, ಪಿಯಾಜಾ ದುವೋಮೊ. ಎರಡು ಗೋಪುರದ ದೊಡ್ಡ ಇಗರ್ಜಿಯನ್ನು 18ನೇ ಶತಮಾನದಲ್ಲಿ ಹೊಸದಾಗಿ ಕಟ್ಟಿದ್ದು, ಒಳಗೆ ಅಮೃತಶಿಲೆ, ಚಿನ್ನದ ಬಣ್ಣ, ಚಾವಣಿ ತುಂಬ ಚಿತ್ರ. ಚೆನ್ನಾಗಿದೆ. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಅದರ ಪಕ್ಕದ ಹಳೇ ಅಂಗಳ. ನಡುವೆ ಹುಲ್ಲು, ಸುತ್ತ ನಾಲ್ಕೂ ಬದಿ ಕಮಾನಿನ ಪಡಸಾಲೆ, ಕಮಾನಿನ ಒಳಮೈಯಲ್ಲೆಲ್ಲ ಹಳೇ ಬೈಬಲ್ ಕತೆಯ ಚಿತ್ರಗಳು.

ಅಲ್ಲಿ ಒಂದು ಆನೆ ಇದೆ. ಅದನ್ನು ಆನೆ ಅಂತ ಮಗಳು ಹೇಳಬೇಕಾಯಿತು.

ಕುದುರೆಯ ಮೈ, ಕುದುರೆಯ ಕಾಲು. ಮುಖದ ತುದಿಗೆ ಮಾತ್ರ ಸೊಂಡಿಲು, ಅದೂ ಪೈಪು ಸಿಕ್ಕಿಸಿದ ಹಾಗೆ. ಮೇಲೆ ಯುದ್ಧದ ಅಂಬಾರಿ, ಕೆಳಗೆ ನುಗ್ಗಿ ಅದರ ಹೊಟ್ಟೆಗೆ ಇರಿಯುತ್ತಿರುವ ಎಲಿಯಾಜರ್ ಎಂಬ ವೀರ. ಬಿಡಿಸಿದವನು ಅದೇ ಊರಿನ ಲಿಯೋನಾರ್ಡ್ ಎಂಬ ಚಿತ್ರಕಾರ, ಕಾಲ 15ನೇ ಶತಮಾನ. ಪಾಪ, ಆನೆ ನೋಡಿದವನೇ ಅಲ್ಲ. ಯಾರೋ ಹೇಳಿದ್ದನ್ನು ಕೇಳಿ ಬಿಡಿಸಿದ್ದು. ಮಧೂರಿನ ಗಜಪೃಷ್ಠದ ಮಾಡು ನೋಡುತ್ತಾ ಬೆಳೆದ, ವರ್ಷಕ್ಕೆ ನಾಲ್ಕು ಜಾತ್ರೆಯಲ್ಲಿ ಆನೆಗೆ ಬಾಳೆಹಣ್ಣು ಕೊಟ್ಟ ನಮ್ಮ ಯಜಮಾನರು ಕತ್ತೆತ್ತಿ ನೋಡಿ ನೋಡಿ, "ಇದಕ್ಕೆ ಬಾಳೆಹಣ್ಣಲ್ಲ, ಹುರುಳಿ ಹಾಕಬೇಕು" ಅಂದರು. ಪಕ್ಕದಲ್ಲಿದ್ದ ಜರ್ಮನ್ ದಂಪತಿಗೆ ಕನ್ನಡ ಬರದಿದ್ದರೂ ಅವರೂ ನಕ್ಕರು.

ಚಿತ್ರ ಬಿಡಿಸಿ ಎಷ್ಟೋ ದಶಕ ಕಳೆದ ಮೇಲೆ ಆ ಊರಿಗೆ ನಿಜವಾದ ಆನೆ ಬಂತು. ಅದೂ ನಮ್ಮ ಕಡೆಯ ಸಮುದ್ರ ದಾಟಿ ಪೋರ್ಚುಗೀಸರ ಹಡಗಿನಲ್ಲಿ ಹೋದ ಏಷ್ಯಾದ ಆನೆ. ಪೋರ್ಚುಗಲ್‌ನ ರಾಜ ಅದನ್ನು ಆಸ್ಟ್ರಿಯಾದ ರಾಜಕುಮಾರ ಮ್ಯಾಕ್ಸಿಮಿಲಿಯನ್‌ಗೆ ಕೊಟ್ಟದ್ದು. ಹೆಸರು ಸೋಲಿಮಾನ್. ಇಟಲಿಯಲ್ಲಿ ಇಳಿದು, ತ್ರೆಂತೋ, ಬೊಲ್ಜಾನೊ ಅಂತ ನಾವು ಕಾರಿನಲ್ಲಿ ಬಂದ ಅದೇ ಕಣಿವೆಯಲ್ಲಿ ನಡೆದುಕೊಂಡು, 1551ರ ಚಳಿಗಾಲದಲ್ಲಿ ಬ್ರಿಕ್ಸೆನ್ ಮುಟ್ಟಿತು. ಎರಡು ವಾರ ಒಂದು ಛತ್ರದ ಲಾಯದಲ್ಲಿ ಉಳಿಯಿತು. ಆಮೇಲೆ ಹಿಮ ಬಿದ್ದ ಬ್ರೆನ್ನರ್ ಘಟ್ಟ ಹತ್ತಿ ವಿಯೆನ್ನಾಕ್ಕೆ ಹೋಯಿತು. ಅಲ್ಲಿ 1553ರಲ್ಲಿ ಸತ್ತಿತು. ಛತ್ರದ ಯಜಮಾನ ಗೋಡೆಯ ಮೇಲೆ ಆನೆಯ ಚಿತ್ರ ಬರೆಸಿ, ಛತ್ರಕ್ಕೆ ಆನೆಯ ಹೆಸರೇ ಇಟ್ಟ. ಇವತ್ತಿಗೂ ಅದು ಎಲೆಫೆಂಟ್ ಅನ್ನುವ ಹೋಟೆಲು. ಹೊರಗಿನಿಂದ ನೋಡಿ ಬಂದೆವು. ಒಳಗೆ ಚಹಾ ಕುಡಿಯುವಷ್ಟು ಧೈರ್ಯ ನಮ್ಮ ಪರ್ಸಿಗೆ ಇರಲಿಲ್ಲ.

ನಿಮ್ಮ ಅಂಕಣದ ಆ ಪತ್ರ ಓದಿದಾಗ ನನಗೆ ನೆನಪಾದದ್ದು ಈ ಕುದುರೆಯಾನೆ. ಎರಡು ಭಾಷೆ ಹಾಕಿದರೆ ಗೊಂದಲ ಅಂತ ಬರೆದವರು ಎರಡು ಭಾಷೆಯ ಊರನ್ನು ನೋಡಿಲ್ಲ, ಅಷ್ಟೇ.

ಮಧ್ಯಾಹ್ನ ಒಂದು ಬೇಕರಿಗೆ ಹೋದೆವು. ಎದುರಿನ ಹೆಂಗಸು "ಗ್ರೂಸ್ ಗಾಟ್" ಅಂದರು, ಜರ್ಮನ್‌ನವರ ನಮಸ್ಕಾರ ಅದು. ಮಗಳು ಇಟಾಲಿಯನ್‌ನಲ್ಲಿ "ಬ್ವೋನ್ ಜೋರ್ನೊ" ಅಂದಳು. ಅವರು ಮುಖದಲ್ಲಿ ಒಂದು ಗೆರೆಯೂ ಬದಲಾಗದೆ ಇಟಾಲಿಯನ್‌ಗೆ ಹೊರಳಿದರು. ಅಷ್ಟರಲ್ಲಿ ಒಳಗಿನಿಂದ ಯಾರೋ ಜರ್ಮನ್‌ನಲ್ಲಿ ಏನೋ ಕೇಳಿದರು, ಅದಕ್ಕೆ ಜರ್ಮನ್‌ನಲ್ಲೇ ಉತ್ತರ ಕೊಟ್ಟು, ಮತ್ತೆ ನಮ್ಮ ಕಡೆ ತಿರುಗಿ ಇಟಾಲಿಯನ್. ಇದೇನೂ ನನಗೆ ಆಶ್ಚರ್ಯ ಅನಿಸಲಿಲ್ಲ, ಯಾಕೆಂದರೆ ನಮ್ಮ ಬದಿಯಡ್ಕ ಪೇಟೆಯ ಮೀನಿನವರೂ ಬೀಡಾ ಅಂಗಡಿಯವರೂ ತುಳು, ಮಲಯಾಳ, ಕನ್ನಡ, ಬ್ಯಾರಿ ಅಂತ ನಾಲ್ಕು ಭಾಷೆಯಲ್ಲಿ ಚಿಲ್ಲರೆ ಕೊಡುತ್ತಾರೆ. ಬಾಯಿಯಲ್ಲಿ ನಾವು ಅವರಿಗಿಂತ ಎರಡು ಭಾಷೆ ಮುಂದೆ. ಸಪ್ತಭಾಷೆಯ ನಾಡು ಅಂತ ಪ್ರತಿ ಸಭೆಯಲ್ಲೂ ಮೈಕಿನಲ್ಲಿ ಹೇಳಿಕೊಳ್ಳುತ್ತೇವೆ. ಬರೆಯುವ ಹೊತ್ತಿಗೆ ಮಾತ್ರ ಕೈ ಸೆಟೆದುಕೊಳ್ಳುತ್ತದೆ.

ಊಟಕ್ಕೆ ತಿಂದದ್ದು ಪಾಲಕ್ ಹಾಕಿದ ಬ್ರೆಡ್ಡಿನ ಉಂಡೆ, ಮೇಲೆ ಕರಗಿಸಿದ ಬೆಣ್ಣೆ. ಅದಕ್ಕೂ ಎರಡು ಹೆಸರು, ಕನೆದೆರ್ಲಿ ಅಂತಲೂ ಕ್ನೂಡೆಲ್ ಅಂತಲೂ. ನಮ್ಮ ಪುಂಡಿಯ ದೂರದ ನೆಂಟ. ಕಾಯಿಚಟ್ನಿ ಇದ್ದಿದ್ದರೆ ಇನ್ನೆರಡು ಇಳಿಯುತ್ತಿತ್ತು.

ಇಷ್ಟೆಲ್ಲ ನೋಡಿ ಆ ಊರಿನವರು ಹುಟ್ಟಿನಿಂದಲೇ ಒಳ್ಳೆಯವರು, ನಾವು ಮಾತ್ರ ಹೀಗೆ ಅಂತ ನಾನು ಹೇಳುತ್ತಿಲ್ಲ. ದಕ್ಷಿಣ ಟಿರೋಲ್ ಎಂಬ ಆ ಸೀಮೆ ಮೊದಲು ಆಸ್ಟ್ರಿಯಾದ್ದು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಒಪ್ಪಂದದಲ್ಲಿ ಗೆರೆ ಎಳೆದು ಇಟಲಿಗೆ ಕೊಟ್ಟರು. ಜನರನ್ನು ಕೇಳಲಿಲ್ಲ. ಗೆರೆ ಎಳೆಯುವವರು ಎಲ್ಲಿ ಕೇಳುತ್ತಾರೆ, ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1 ನಮಗೆ ಗೊತ್ತಿಲ್ವಾ? ಆಮೇಲೆ ಮುಸೊಲಿನಿ ಬಂದ. 1923ರಿಂದ ಜರ್ಮನ್ ಶಾಲೆಗಳನ್ನು ಒಂದೊಂದಾಗಿ ಮುಚ್ಚಿಸಿದ. ಎತ್ತೋರೆ ತೊಲೊಮೇಯಿ ಎಂಬವನು ಕೂತು ಊರು, ಹೊಳೆ, ಬೆಟ್ಟಗಳಿಗೆ ಸಾವಿರಗಟ್ಟಲೆ ಇಟಾಲಿಯನ್ ಹೆಸರು ಹೊಸೆದ. ಹಳೇ ಹೆಸರು ಬೋರ್ಡಿನಿಂದ ಅಳಿಸಿಹೋಯಿತು. 1939ರಲ್ಲಿ ಹಿಟ್ಲರನೂ ಮುಸೊಲಿನಿಯೂ ಸೇರಿ ಅಲ್ಲಿಯ ಜರ್ಮನ್ ಮಾತಿನವರಿಗೆ, ಜರ್ಮನಿಗೆ ಹೊರಡಿ, ಇಲ್ಲವಾದರೆ ನಿಮ್ಮ ಭಾಷೆ ಬಿಟ್ಟು ಇಲ್ಲೇ ಇರಿ ಅಂದರು. ಸುಮಾರು 75 ಸಾವಿರ ಜನ ಮನೆ ತೋಟ ಬಿಟ್ಟು ಹೋದರು.

ರಾತ್ರಿ ಮಗಳ ಮನೆಯಲ್ಲಿ ಇದನ್ನೆಲ್ಲ ಓದುತ್ತಾ ಕೂತಿದ್ದಾಗ ಒಂದು ಕಡೆ ನಿಂತುಬಿಟ್ಟೆ. ಶಾಲೆ ಮುಚ್ಚಿದ ಮೇಲೆ ಅಲ್ಲಿಯ ಹುಡುಗಿಯರು ಕದ್ದುಮುಚ್ಚಿ ಪಾಠ ಮಾಡಿದರಂತೆ. ರೈತರ ಮನೆಯ ಅಡುಗೆ ಕೋಣೆಯಲ್ಲಿ, ಹಟ್ಟಿಯ ಅಟ್ಟದಲ್ಲಿ, ನಾಲ್ಕೈದು ಮಕ್ಕಳನ್ನು ಕೂರಿಸಿ ಜರ್ಮನ್ ಅಕ್ಷರ. ಏಂಜೆಲಾ ನಿಕೊಲೆಟ್ಟಿ ಎಂಬ ಟೀಚರ್ ಅದಕ್ಕೆ ಜೈಲಿಗೂ ಹೋದರು. 1930ರಲ್ಲಿ ತೀರಿಕೊಂಡಾಗ ಆಕೆಗೆ 25 ವರ್ಷ. ನಾನು ಮೂವತ್ತೊಂದು ವರ್ಷ ಫ್ಯಾನಿನ ಕೆಳಗೆ, ತಿಂಗಳ ಸಂಬಳ ತೆಗೆದುಕೊಂಡು, ಸರ್ಕಾರದ್ದೇ ಪುಸ್ತಕ ಹಿಡಿದು ಕನ್ನಡ ಕಲಿಸಿದವಳು. ಅದು ಕೂಡ ನಿಜ, ಹೇಳಲೇಬೇಕು. ಕೇರಳ ಸರ್ಕಾರ ನಮ್ಮ ಶಾಲೆಗಳನ್ನು ಮುಚ್ಚಿಸಿಲ್ಲ.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಇಟಲಿಯೂ ಆಸ್ಟ್ರಿಯಾವೂ ಪ್ಯಾರಿಸ್ಸಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಶಾಲೆ ಜರ್ಮನ್‌ನಲ್ಲಿ, ಕಚೇರಿ ಎರಡೂ ಭಾಷೆಯಲ್ಲಿ, ಊರ ಹೆಸರು ಎರಡೂ ಭಾಷೆಯಲ್ಲಿ ಅಂತ. ಕಾಗದದಲ್ಲಿ ಇತ್ತು, ನಡೆಯಲಿಲ್ಲ. ಕಾಗದದಲ್ಲಿ ಇರುವುದು, ನಡೆಯದಿರುವುದು ನಮಗೆ ಹೊಸತಲ್ಲ ಬಿಡಿ. 1957ರಲ್ಲಿ ಜನ ದೊಡ್ಡ ಸಭೆ ಸೇರಿ ಕೂಗಿದರು. 1961ರ ಒಂದು ರಾತ್ರಿ ಕೆಲವರು ಹತ್ತಾರು ಕರೆಂಟಿನ ಕಂಬಗಳನ್ನು ಸ್ಫೋಟಿಸಿದರು, ಅದನ್ನು ನಾನು ಒಪ್ಪುವುದಿಲ್ಲ. ಆಸ್ಟ್ರಿಯಾ ಅದಕ್ಕೂ ಮೊದಲೇ, 1960ರಲ್ಲಿ, ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದಿತ್ತು. ಕೊನೆಗೆ 1972ರಲ್ಲಿ ಹೊಸ ಸ್ವಾಯತ್ತ ಕಾನೂನು ಬಂತು. ಅದರಿಂದ ಈಚೆಗೆ ಅಲ್ಲಿಯ ಸರ್ಕಾರಿ ನೌಕರಿಗೆ ಸೇರಬೇಕಾದರೆ ಎರಡೂ ಭಾಷೆಯ ಪರೀಕ್ಷೆ ಪಾಸಾಗಬೇಕು. ನೀವು ಜರ್ಮನ್‌ನಲ್ಲಿ ಅರ್ಜಿ ಕೊಟ್ಟರೆ ಜರ್ಮನ್‌ನಲ್ಲೇ ಉತ್ತರ. 2011ರ ಗಣತಿಯಲ್ಲಿ ಆ ಪ್ರಾಂತದ ನೂರಕ್ಕೆ ಸುಮಾರು 69 ಜನ ಜರ್ಮನ್, 26 ಜನ ಇಟಾಲಿಯನ್ ಅಂತ ಬರೆಸಿದ್ದಾರೆ. ಉಳಿದದ್ದು ನೂರಕ್ಕೆ ನಾಲ್ಕೂವರೆ, ಅವರದ್ದು ಲದಿನ್ ಎಂಬ ಮೂರನೇ ಭಾಷೆ. ಆ ನಾಲ್ಕೂವರೆ ಜನರ ಕಣಿವೆಗಳಿಗೆ ಹೋದರೆ ಬೋರ್ಡಿನಲ್ಲಿ ಮೂರು ಹೆಸರು. ಬೋರ್ಡಿನಲ್ಲಿ ಜಾಗ ಇಲ್ಲ ಅಂದವರಿಗೆ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ.

ಅವರಿಗೂ ನಮಗೂ ವ್ಯತ್ಯಾಸ ಇದೆ, ಇಲ್ಲ ಅನ್ನುವುದಿಲ್ಲ. ಅವರದ್ದು ಸ್ವಂತ ಆಡಳಿತ ಇರುವ ಪ್ರಾಂತ, ಅಲ್ಲಿ ಸಂಗ್ರಹವಾಗುವ ತೆರಿಗೆಯಲ್ಲಿ ನೂರಕ್ಕೆ ತೊಂಬತ್ತು ಅಲ್ಲೇ ಉಳಿಯುತ್ತದೆ. ಬೆನ್ನಿಗೆ ಆಸ್ಟ್ರಿಯಾದಂಥ ದೇಶ ಇತ್ತು. ಅಲ್ಲಿಯೂ ಎಲ್ಲ ಸರಿ ಇಲ್ಲ. ಜರ್ಮನ್ ಮಕ್ಕಳಿಗೆ ಒಂದು ಶಾಲೆ, ಇಟಾಲಿಯನ್ ಮಕ್ಕಳಿಗೆ ಬೇರೆ ಶಾಲೆ, ಇದು ನನಗೆ ಹಿಡಿಸಲಿಲ್ಲ. ತೊಲೊಮೇಯಿ ಹೊಸೆದ ಹೆಸರುಗಳ ಜಗಳವೂ ಇನ್ನೂ ಮುಗಿದಿಲ್ಲ. ನಮ್ಮಲ್ಲೂ 2021ರಲ್ಲಿ ಕಾಸರಗೋಡಿನ ಕನ್ನಡ ಊರುಗಳ ಹೆಸರು ಮಲಯಾಳಕ್ಕೆ ಬದಲಾಗುತ್ತಿದೆ ಅಂತ ಸುದ್ದಿ ಎದ್ದು, ಬೆಂಗಳೂರಿನಿಂದ ಪತ್ರ ಹೋಗಿ, ಹಾಗೇನೂ ಇಲ್ಲ ಅಂತ ಕೇರಳದವರು ಹೇಳಿದ್ದು ನೆನಪಿದೆಯಲ್ಲ. ಆ ಸುದ್ದಿ ಎಷ್ಟು ನಿಜ ಎಷ್ಟು ಗಾಳಿ ಅನ್ನುವುದು ಇರಲಿ. ಪ್ರತಿ ಊರಿನ ಬೋರ್ಡಿನಲ್ಲಿ ಎರಡು ಹೆಸರೂ ಇದ್ದಿದ್ದರೆ ಸುದ್ದಿಗೆ ಹುಟ್ಟಲು ಜಾಗವೇ ಇರುತ್ತಿರಲಿಲ್ಲ. ರಾಜ್ಯಗಳ ಗಡಿ ಜಗಳ ನೋಡಲು ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿಯಿಂದ ಬಡಗಣ ಭಾಗ ಕರ್ನಾಟಕಕ್ಕೆ ಅಂತ ಹೇಳಿದ್ದು, ಅದು ಹಾಗೇ ಕಪಾಟಿನಲ್ಲಿ ಉಳಿದದ್ದು, ಆ ದೊಡ್ಡ ಕತೆಗೆ ನಾನು ಈಗ ಹೋಗುವುದಿಲ್ಲ. ನನಗೆ ಬಸ್ಸಿನ ಬೋರ್ಡು ಸಾಕು.

ಎಲ್ಲರಿಗೂ ಮಲಯಾಳ ಬರುತ್ತದೆ ಅಂತ ಆ ಪತ್ರದವರು ಅಂದರು. ಬರುತ್ತದೆ, ಬಾಯಿಗೆ. ನಮ್ಮ ಪಕ್ಕದ ಮನೆಯ ಅತ್ತೆಗೆ, ನಾವೆಲ್ಲ ಅವರನ್ನು ಅತ್ತೆ ಅಂತಲೇ ಕರೆಯುವುದು, ಎಪ್ಪತ್ತನಾಲ್ಕು ವರ್ಷ. ಮಲಯಾಳದಲ್ಲಿ ಜಗಳ ಮಾಡುತ್ತಾರೆ, ಚೌಕಾಸಿ ಮಾಡುತ್ತಾರೆ, ಸೀರಿಯಲ್ ನೋಡಿ ಅಳುತ್ತಾರೆ. ಓದಲು ಬರುವುದು ಕನ್ನಡ ಮಾತ್ರ, ಅದೂ ಐದನೇ ಕ್ಲಾಸಿನ ತನಕ. ಇಂಗ್ಲಿಷ್ ಗೊತ್ತಿಲ್ಲ. ಕಳೆದ ಮಳೆಗಾಲದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಲು ಕುಂಬಳೆಗೆ ಹೊರಟವರು ಮುಳ್ಳೇರಿಯದ ಬಸ್ಸು ಹತ್ತಿದರು. ಬೋರ್ಡು ಮಲಯಾಳದಲ್ಲಿ ಮಾತ್ರ ಇತ್ತು, ಜನ ಜಾಸ್ತಿ ಇದ್ದರು, ಮಳೆ ಹೊಡೆಯುತ್ತಿತ್ತು, ಕೇಳುವುದಕ್ಕೆ ಪುರುಸೊತ್ತು ಸಿಗಲಿಲ್ಲ. ಕಂಡಕ್ಟರ್ ಟಿಕೆಟ್ ಕೊಡಲು ಬಂದಾಗ ಗೊತ್ತಾಯಿತು. ಇಳಿದು, ರಸ್ತೆ ದಾಟಿ, ತಂಗುದಾಣವೇ ಇಲ್ಲದ ಒಂದು ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ನೆನೆದು ನಿಂತು, ಮನೆಗೆ ಬಂದರು. ಡಾಕ್ಟರ್ ಅಷ್ಟರಲ್ಲಿ ಎದ್ದು ಹೋಗಿದ್ದರು. "ಕಣ್ಣು ಸರಿ ಇದ್ದಿದ್ದರೂ ಏನು ಪ್ರಯೋಜನ ಟೀಚರೇ, ನನಗೆ ಬರುವ ಅಕ್ಷರವೇ ಅಲ್ಲಿ ಇಲ್ಲ" ಅಂದರು. ಅತ್ತೆ ಹೇಳಿದ್ದನ್ನು ನಾನು ಹಾಗೇ ಬರೆದಿದ್ದೇನೆ, ಒಪ್ಪ ಮಾಡಿಲ್ಲ.

ಕಚೇರಿಯದ್ದು ಇನ್ನೊಂದು ಕತೆ. ಯಾವ ಕಚೇರಿ ಅಂತ ಬೇಡ, ಅಲ್ಲಿಯ ಹುಡುಗ ಒಳ್ಳೆಯವನೇ. ನಾನು ಕನ್ನಡದಲ್ಲಿ ಅರ್ಜಿ ಬರೆದು ಕೊಟ್ಟೆ, ಮಲಯಾಳದಲ್ಲಿ ಬರೆದು ತನ್ನಿ ಅಂದ. 1969ರ ಕೇರಳದ ಅಧಿಕೃತ ಭಾಷೆಗಳ ಕಾಯ್ದೆಯಲ್ಲೇ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರ್ಕಾರಕ್ಕೆ ಬರೆಯಬಹುದು, ಉತ್ತರವೂ ಆ ಭಾಷೆಯಲ್ಲೇ ಕೊಡಬೇಕು ಅಂತ ಇದೆ ಮಗಾ ಅಂತ ಮಲಯಾಳದಲ್ಲೇ ಹೇಳಿದೆ. ಅವನು ಬಿಟ್ಟ ಕಣ್ಣು ಬಿಟ್ಟು, "ಟೀಚರಿಗೆ ಇಷ್ಟು ಚಂದ ಮಲಯಾಳ ಬರುತ್ತದಲ್ಲ, ಹಾಗಾದರೆ ಬರೆಯಲು ಏನು ಕಷ್ಟ?" ಅಂದ. ಬ್ರಿಕ್ಸೆನ್‌ನ ಬೇಕರಿಯ ಹೆಂಗಸನ್ನು ಯಾರಾದರೂ ಹೀಗೆ ಕೇಳುತ್ತಾರಾ?

ಸಂಜೆ ಕಾರು ವಾಪಸ್ಸು ಕೊಡುವ ಮೊದಲು ಪೆಟ್ರೋಲು ತುಂಬಿಸಬೇಕಿತ್ತು, ತುಂಬಿಸಿ ಕೊಟ್ಟದ್ದನ್ನು ತುಂಬಿಸಿಯೇ ಕೊಡುವುದು ಲೆಕ್ಕ. ನಾವೇ ಪೈಪು ಹಿಡಿದರೆ ಕಡಿಮೆ, ಅವರು ಹಾಕಿದರೆ ಜಾಸ್ತಿ. ಮಗಳು ಇಳಿದು ಹಾಕಿದಳು, ಯಜಮಾನರು ಪಕ್ಕದಲ್ಲಿ ನಿಂತು ಮೇಲ್ವಿಚಾರಣೆ ಮಾಡಿದರು. ಗೀರು ಒಂದೂ ಹೊಸತು ಇರಲಿಲ್ಲ. ಹಿಡಿದಿಟ್ಟ ದುಡ್ಡು ಒಂದು ವಾರದಲ್ಲಿ ಬಿಟ್ಟರು. ಬ್ರಿಕ್ಸೆನ್‌ನ ಪಾರ್ಕಿಂಗ್ ಚೀಟಿಯನ್ನು ನಾನು ಪಂಚಾಂಗದ ಒಳಗೆ ಇಟ್ಟುಕೊಂಡು ಬಂದಿದ್ದೇನೆ. ಹೆಬ್ಬೆರಳಿನಷ್ಟು ಅಗಲದ ಕಾಗದ, ಅದರಲ್ಲೂ ಎರಡು ಭಾಷೆ. ಬೇಕಾದವರು ಬಂದು ನೋಡಬಹುದು.

ಕೊನೆಗೆ ಒಂದು ವಿಷಯ. ಸರ್ಕಾರ ಆದೇಶ ಮಾಡಲಿ, ಆರ್‌ಟಿಓ ನೋಡಿಕೊಳ್ಳಲಿ ಅಂತ ಕಾಯುವುದು ನನಗೆ ಸಾಕಾಗಿದೆ. ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ ಬರೆದ ಕೈ ಇದು, ಅಕ್ಷರ ಇನ್ನೂ ದುಂಡಗೇ ಇದೆ. ಶಾಲೆಯ ವಾರ್ಷಿಕೋತ್ಸವದ ಬೋರ್ಡು ಬರೆದು ಅಭ್ಯಾಸವೂ ಇದೆ. ಕುಂಬಳೆ, ಬದಿಯಡ್ಕ, ಮುಳ್ಳೇರಿಯ ದಾರಿಯಲ್ಲಿ ಬಸ್ಸು ಓಡಿಸುವ ಮಾಲೀಕರು ಯಾರಾದರೂ ಮಲಯಾಳದ ಕೆಳಗೆ ಒಂದು ಗೇಣು ಜಾಗ ಕೊಡುವುದಾದರೆ, ಕೊನೆಯ ಟ್ರಿಪ್ ಮುಗಿದ ಮೇಲೆ ಬೋರ್ಡನ್ನು ನಮ್ಮ ಮನೆಗೆ ಕಳುಹಿಸಲಿ. ಬದಿಯಡ್ಕದಲ್ಲಿ ಯಾವ ಕಂಡಕ್ಟರನ್ನು ಕೇಳಿದರೂ ಟೀಚರ ಮನೆ ತೋರಿಸುತ್ತಾರೆ, ಅರ್ಧ ಜನ ನನ್ನ ಶಿಷ್ಯರೇ. ಬಣ್ಣವೂ ಬ್ರಶ್ಶೂ ನನ್ನದೇ. ರಾತ್ರಿ ಬರೆದು ಫ್ಯಾನಿನ ಕೆಳಗೆ ಇಟ್ಟರೆ ಬೆಳಿಗ್ಗೆ ಆರೂಕಾಲರ ಟ್ರಿಪ್ಪಿಗೆ ಒಣಗಿರುತ್ತದೆ. ಮಳೆಗಾಲದಲ್ಲಾದರೆ ಒಂದು ದಿನ ಮೊದಲೇ ಕೊಡಿ.

ಇತಿ,
ಒಬ್ಬ ನಿವೃತ್ತ ಕನ್ನಡ ಟೀಚರ್, ಬದಿಯಡ್ಕ